ಆಸ್ಥಾನದ ಊಟ

ಭಾಸ್ಕರಣ್ಣನ ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೆ ಹಾರ್ನ್ ಹೊಡೆಯಬಾರದು, ಬೆಲ್ ಒತ್ತಬಾರದು, ಫೋನನ್ನಂತೂ ಮಾಡಲೇಬಾರದು. ಬಂದಿದ್ದೇನೆ ಎಂಬುದು ಅವರಿಗೆ ತಾನಾಗಿಯೇ ಗೊತ್ತಾಗಬೇಕು. ಇದನ್ನು ಯಾರೂ ಸುಕೇಶನಿಗೆ ಹೇಳಿಕೊಟ್ಟದ್ದಲ್ಲ. ಒಮ್ಮೆ ಬೆಲ್ ಒತ್ತಿದಾಗ ಬಾಗಿಲು ತೆರೆದವರ ಮುಖ ನೋಡಿ ಅವನೇ ಕಲಿತದ್ದು. ಸಿಡ್ನಿಯ ಕೆಲ್ಲಿವಿಲ್ಲಿನ ಆ ಬೀದಿಯಲ್ಲಿ ಜುಲೈ ತಿಂಗಳ ಬೆಳಗಿನ ಚಳಿ ಕಾರಿನ ಗಾಜಿನ ಮೇಲೆಲ್ಲ ಕೂತಿತ್ತು. ಎಂಜಿನ್ ಆರಿಸಿದರೆ ಹೀಟರ್ ನಿಲ್ಲುತ್ತದೆ, ಹೀಟರ್ ನಿಂತರೆ ಹತ್ತುವಾಗ ಭಾಸ್ಕರಣ್ಣ "ಎಂತ ಮಾರಾಯ, ಫ್ರಿಜ್ಜಿನಲ್ಲಿ ಕೂರಿಸ್ತಿಯಾ" ಎನ್ನುತ್ತಾರೆ, ಅದಕ್ಕೆ ಸುಕೇಶ ನಗಬೇಕು. ಆ ನಗು ಎಷ್ಟು ಉದ್ದವಿರಬೇಕು, ಯಾವ ಗಳಿಗೆಯಲ್ಲಿ ತಲೆಯಾಡಿಸಿ ನಿಲ್ಲಿಸಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಹೋದ ವಾರ ಹೆಂಡತಿ ನಿಶ್ಮಿತಾ ಕುಕ್ಕರಿನ ಗ್ಯಾಸ್ಕೆಟ್ ಹರಿದು ಬೇಳೆಯೆಲ್ಲ ಸೀಲಿಂಗಿಗೆ ಹಾರಿದ ಕತೆ ಹೇಳುತ್ತಿದ್ದಾಗ ಅವನು ಅದೇ ನಗು ನಕ್ಕುಬಿಟ್ಟಿದ್ದ. ಅವಳು ಸೌಟು ಕೆಳಗಿಟ್ಟು, "ಆಫೀಸಿನ ನಗುವನ್ನು ಆಫೀಸಿನಲ್ಲೇ ಬಿಟ್ಟು ಬನ್ನಿ. ಅದನ್ನು ಕೇಳಿದ್ರೆ ನನಗೆ ಹೆದರಿಕೆ ಆಗ್ತದೆ" ಎಂದಳು. ಗಂಡನ ನಗು ಕೇಳಿ ಹೆಂಡತಿ ಹೆದರುವುದೆಂದರೇನು. ಅವನು ಅದಕ್ಕೂ ನಗಲು ಹೋಗಿ, ಬಾಯಿ ಮುಚ್ಚಿಕೊಂಡು, ಏಣಿ ಹತ್ತಿ ಸೀಲಿಂಗ್ ಒರೆಸಿದ.

ಹಾಗಾದರೆ ಇವನಿಗೆ ಮಾನ ಮರ್ಯಾದೆ ಎಂಬುದಿಲ್ಲವೇ ಎಂದರೆ, ಇದೆ, ಧಾರಾಳವಾಗಿದೆ; ಅವನು ಅದನ್ನು ತಲೆಯೊಳಗೆ ಬೀಗ ಹಾಕಿ ಇಟ್ಟುಕೊಂಡಿದ್ದ. ಕೊಣಾಜೆಯ ಗುಡ್ಡದ ಮೇಲೆ ಚರಿತ್ರೆಯ ಎಂ.ಎ. ಓದುತ್ತಿದ್ದಾಗ ಇಂದಿರಮ್ಮ ಎಂಬ ಅಧ್ಯಾಪಕಿ ಒಂದು ಮಧ್ಯಾಹ್ನ, ಅರ್ಧ ತರಗತಿ ತೂಕಡಿಸುತ್ತಿದ್ದ ಹೊತ್ತಿನಲ್ಲಿ, ಐನೂರು ವರ್ಷಗಳ ಹಿಂದಿನ ಇಟಲಿಯ ಪಂಡಿತರ ಸಂಗತಿ ಹೇಳಿದ್ದರು. ಹಳೆಯ ಭಾಷೆಗಳನ್ನು ಅರೆದು ಕುಡಿದವರು, ಹೊಟ್ಟೆಪಾಡಿಗೆ ಯಾವ ಯಾವುದೋ ದೊರೆಯ, ಧರ್ಮಗುರುವಿನ ಆಸ್ಥಾನ ಸೇರಿ, ಅಲ್ಲಿ ತಮಗಾದ ಸಂಕಟಗಳನ್ನು ಕಣ್ಣಿನದಿಷ್ಟು, ಕಿವಿಯದಿಷ್ಟು, ನಾಲಗೆಯದಿಷ್ಟು ಎಂದು ವಿಂಗಡಿಸಿ ಬರೆದು ಗೆಳೆಯರಿಗೆ ಓದಿಸುತ್ತಿದ್ದರಂತೆ. ದೊರೆಗೆ ಬಿಸಿ ಮಾಂಸ, ಇವರಿಗೆ ಆರಿದ್ದು. ದೊರೆಗೆ ಹಳೆಯ ವೈನು, ಇವರಿಗೆ ಹುಳಿ ಬಂದದ್ದು. ಹಸಿವಾದಾಗ ಊಟವಿಲ್ಲ, ನಿದ್ದೆ ಬಂದಾಗ ಹಾಸಿಗೆಯಿಲ್ಲ, ಹಾಸಿಗೆ ಸಿಕ್ಕರೆ ಪಕ್ಕದಲ್ಲಿ ಗೊರಕೆ ಹೊಡೆಯುವ ಇನ್ನೊಬ್ಬ ಪಂಡಿತ. ತೂಕಡಿಸುತ್ತಿದ್ದವರೂ ಎದ್ದು ನಕ್ಕರು. "ಇಷ್ಟೆಲ್ಲ ಬರೆದು ಆಮೇಲೆ ಎಂತ ಮಾಡಿದ್ರು ಗೊತ್ತುಂಟಾ? ಮಸಿ ಒಣಗುವ ಮೊದಲೇ ಅದೇ ಊಟಕ್ಕೆ ಹೋಗಿ ಕೂತ್ರು" ಎಂದು ಇಂದಿರಮ್ಮ ಪುಸ್ತಕ ಮುಚ್ಚಿದ್ದರು. ಚರಿತ್ರೆಯಲ್ಲಿ ಕೆಲಸ ಸಿಗದೆ, ಕಂಪ್ಯೂಟರ್ ಕಲಿತು, ಸಿಡ್ನಿಗೆ ಬಂದು, ಪಿಆರ್ ಆಗಿ, ಅಂದರೆ ಇಲ್ಲೇ ಕಾಯಂ ನೆಲಸುವ ಪರವಾನಗಿ ಪಡೆದು, ಮ್ಯಾಕ್ವೆರಿ ಪಾರ್ಕಿನ ಭಾಸ್ಕರಣ್ಣನ ಕಂಪನಿ ಸೇರಿದ ಮೇಲೆ ಸುಕೇಶನಿಗೆ ಆ ಮಧ್ಯಾಹ್ನ ಮೇಲಿಂದ ಮೇಲೆ ನೆನಪಾಗತೊಡಗಿತು. ಅವನೂ ಮನಸ್ಸಿನೊಳಗೇ ಒಂದು ಆಸ್ಥಾನ ವರ್ಣನೆ ಶುರುಮಾಡಿದ. ಕಾರು ಓಡಿಸುವಾಗ, ಮೀಟಿಂಗಿನಲ್ಲಿ, ಭಾಸ್ಕರಣ್ಣ ತಮ್ಮ ಮೊದಲ ಗುತ್ತಿಗೆ ಗೆದ್ದ ಕತೆಯನ್ನು ಮತ್ತೊಮ್ಮೆ ಹೇಳುತ್ತಿರುವಾಗ, ಅವನು ಒಳಗೊಳಗೇ ಒಂದೊಂದು ಸಾಲು ಕಟ್ಟುತ್ತಿದ್ದ. ಕಿವಿಯ ಸಂಕಟ ಮುಗಿದಿತ್ತು. ಬೆನ್ನಿನ ಸಂಕಟ, ಅಂದರೆ ಬಾಗಿ ಬಾಗಿ ಬರುವ ನೋವು, ಚೆನ್ನಾಗಿ ಬಂದಿತ್ತು. ತಾನು ಈ ದರ್ಬಾರಿನಲ್ಲಿ ಇದ್ದೂ ಇಲ್ಲದವನು, ನೋಡುತ್ತಿರುವವನು, ಎಂಬ ಒಂದು ಸುಖ ಅದರಿಂದ ಸಿಗುತ್ತಿತ್ತು.

ಬಾಗಿಲು ತೆರೆಯಿತು. ಮೊದಲು ಭಾಸ್ಕರಣ್ಣನ ತಾಯಿ ಚೆನ್ನಕ್ಕ, ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ ಹಾಕಿಕೊಂಡು, ಹಿಂದೆ ಭಾಸ್ಕರಣ್ಣ, ರೇಷ್ಮೆಯ ಶಾಲು, ಎರಡು ಫೋನು. ಉಡುಪಿಯಿಂದ ಬಂದು ಒಂದು ತಿಂಗಳಾಗಿದ್ದ ಚೆನ್ನಕ್ಕನಿಗೆ ಈ ದೇಶದಲ್ಲಿ ಹಿಡಿಸಿದ್ದು ಎರಡೇ, ಬಿಸಿನೀರಿನ ನಲ್ಲಿ ಮತ್ತು ಸುಕೇಶ. "ನೀನು ಚಾ ಕುಡ್ದಿದ್ದಿಯಾ ಮಗ" ಎಂದು ಅವರು ತುಳುವಿನಲ್ಲಿ ಕೇಳಿದರು. ಕುಡಿದಿರಲಿಲ್ಲ. "ಆಯ್ತು ಅಮ್ಮ" ಎಂದ. ಫ್ರಿಜ್ಜಿನ ಮಾತು ಈ ದಿನ ಬರಲಿಲ್ಲ. ಭಾಸ್ಕರಣ್ಣ ಬೆಲ್ಟ್ ಹಾಕಿಕೊಳ್ಳುತ್ತಲೇ ಕೆಲಸಕ್ಕೆ ಇಳಿದರು. ಈ ದಿನ ಮೆಲ್ಬರ್ನಿನಲ್ಲಿ ಕಂಪನಿಯ ಹೊಸ ಶಾಖೆಯ ಪೂಜೆ, ಊಟ. ಅಲ್ಲಿಯ ದೊಡ್ಡ ಗಿರಾಕಿಯ ಕಡೆಯ ಪ್ರಾಜೆಕ್ಟ್ ಮ್ಯಾನೇಜರ್ ಜೀವನ್ ಊಟಕ್ಕೆ ಬರುತ್ತಾನೆ, ಮೈಸೂರಿನವನು, ಹೋಳಿಗೆ ಎಂದರೆ ಪ್ರಾಣ. ಹೋದ ತಿಂಗಳು ಕಂಪನಿಯವರು ಆ ಗಿರಾಕಿಯ ಗೋದಾಮಿನ ಲೆಕ್ಕಪತ್ರದ ಸಿಸ್ಟಮ್ ಬದಲಾಯಿಸುವಾಗ ಹಳೆಯದೆಲ್ಲ ಅಳಿಸಿಹೋಗಿ, ಲಾರಿಗಳು ಬಾಗಿಲಲ್ಲೇ ನಿಂತು, ದೊಡ್ಡ ರಾದ್ಧಾಂತವಾಗಿತ್ತು. ಅದಕ್ಕೆ ಯಾರು ಹೊಣೆ ಎಂದು ಜೀವನ್ ಕೇಳುತ್ತಿದ್ದ.

"ಮೆಲ್ಬರ್ನಿನ ಆ ಹುಡುಗಿಯ ತಲೆಗೆ ಕಟ್ಟುವ. ಬೇರೆ ದಾರಿ ಇಲ್ಲ" ಎಂದರು ಭಾಸ್ಕರಣ್ಣ, ಕಿಟಕಿಯ ಹೊರಗೆ ಎಂ-ಟೂ ರಸ್ತೆಯ ದೀಪಗಳನ್ನು ನೋಡುತ್ತ. "ಪಾಯಸದ ಹೊತ್ತಿಗೆ ನಾನು ಕೇಳ್ತೇನೆ. ನೀನು ಹೌದು ಅಂದ್ರೆ ಸಾಕು. ಉದ್ದ ಮಾತು ಬೇಡ."

"ಅವಳ ವೀಸಾ ನಮ್ಮ ಸ್ಪಾನ್ಸರ್‌ಶಿಪ್‌ನಲ್ಲಿ ಉಂಟಲ್ಲ ಭಾಸ್ಕರಣ್ಣ. ಕೆಲಸದಿಂದ ತೆಗೆದ್ರೆ, ಬೇರೆ ಸ್ಪಾನ್ಸರ್ ಸಿಗದಿದ್ರೆ, ಅವಳು ಊರಿಗೆ ಹೋಗ್ಬೇಕಾಗ್ತದೆ."

"ಹೋಗ್ಲಿ. ಚಿಕ್ಕ ಪ್ರಾಯ, ಬೆಂಗಳೂರಿನಲ್ಲಿ ನೂರು ಕೆಲಸ ಸಿಗ್ತದೆ. ನಿನಗೆ ದಿ ಪಾಂಡ್ಸ್‌ನಲ್ಲಿ ಮನೆ ಉಂಟು, ಮಾರ್ಟ್‌ಗೇಜ್ ಉಂಟು. ಈ ಗಿರಾಕಿ ಹೋದ್ರೆ ನಾವೆಲ್ಲ ಹೋದ ಹಾಗೆ."

ದಿ ಪಾಂಡ್ಸ್‌ನ ಆ ಮನೆಯನ್ನೂ ತೋರಿಸಿದವರು ಭಾಸ್ಕರಣ್ಣನೇ. ಹೊಸ ಸಬರ್ಬ್, ನನಗೆ ಹತ್ತಿರ, ಕರೆದರೆ ಬರಲಿಕ್ಕೆ ಸುಲಭ, ಎಂದು ಅವರು ನಕ್ಷೆಯ ಮೇಲೆ ಬೆರಳಿಟ್ಟ ಜಾಗದಲ್ಲೇ ಇವನ ಮನೆ ಎದ್ದಿತು. ಕೆಟ್ಟವರೇ ಆಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಎಲ್ಲ ಕಡೆ ಇಲ್ಲಿಯ ಅನುಭವ ಕೇಳಿ ಬಾಗಿಲು ಮುಚ್ಚುತ್ತಿದ್ದಾಗ ಇವನಿಗೆ ಮೊದಲ ಕೆಲಸ ಕೊಟ್ಟವರು ಅವರು. ಅಪ್ಪ ತೀರಿಕೊಂಡ ಸುದ್ದಿ ಬಂದ ದಿನ ತಾವೇ ಟಿಕೆಟ್ ಬುಕ್ ಮಾಡಿ ಏರ್‌ಪೋರ್ಟಿಗೆ ಬಿಟ್ಟವರೂ ಅವರೇ. ಸುಕೇಶ ಸ್ಟೀರಿಂಗ್ ಹಿಡಿದು, ಹುಂ, ಎಂದ. ಆ ಹುಂ ತನ್ನ ಗಂಟಲಿನಿಂದ ಹೊರಟದ್ದು ಅವನಿಗೆ ಹೊರಟ ಮೇಲೆಯೇ ಗೊತ್ತಾಯಿತು. ಹಿಂದಿನ ಸೀಟಿನಲ್ಲಿ ಚೆನ್ನಕ್ಕ ಮಿಸುಕಾಡಿದರು. ಅವರಿಗೆ ಸ್ಪಾನ್ಸರ್‌ಶಿಪ್ ಎಂಬ ಪದ ತಿಳಿಯದು, ತಲೆಗೆ ಕಟ್ಟುವುದು ಎಂದರೇನೆಂದು ತಿಳಿಯುತ್ತದೆ.

ವಿಮಾನದಲ್ಲಿ ಭಾಸ್ಕರಣ್ಣ ಮುಂದೆ, ಇವನು ಮತ್ತು ಚೆನ್ನಕ್ಕ ಹಿಂದೆ. ತಾಯಿಯನ್ನು ಹಿಂದೆ ಕೂರಿಸಿದ್ದಕ್ಕೆ ಭಾಸ್ಕರಣ್ಣನ ಬಳಿ ಕಾರಣವಿತ್ತು, ಸುಕೇಶ ಜೊತೆಗಿದ್ದರೆ ಅಮ್ಮನಿಗೆ ಧೈರ್ಯ. ಮೋಡದ ಮೇಲಿನ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು, ಕಿಟಕಿ ಮುಚ್ಚೋಣವೆಂದರೆ ಚೆನ್ನಕ್ಕ ಆಸೆಯಿಂದ ನೋಡುತ್ತಿದ್ದಾರೆ. ನಾಲಗೆಯ ಸಂಕಟಕ್ಕೆ ಒಂದು ಸಾಲು ಹುಡುಕೋಣವೆಂದು ಅವನು ಕಣ್ಣು ಮುಚ್ಚಿದ. ಬರಲಿಲ್ಲ. ಬಂದದ್ದು ಹೋದ ತಿಂಗಳ, ಸಿಸ್ಟಮ್ ಬದಲಾಯಿಸುವ ಹಿಂದಿನ ದಿನದ, ಆ ಶನಿವಾರದ ಫೋನು. ಆ ಸಂಜೆ ನಿಹಾರಿಕಾ ಮೆಲ್ಬರ್ನಿನಿಂದ ಫೋನ್ ಮಾಡಿ, "ಸರ್, ಹಳೇ ಡೇಟಾ ಬ್ಯಾಕಪ್ ಇನ್ನೂ ಆಗಿಲ್ಲ, ಒಂದ್ ರಾತ್ರಿ ಟೈಮ್ ಕೊಡಿ ಸಾಕು" ಎಂದಿದ್ದಳು. ತುಮಕೂರಿನ ಹುಡುಗಿ, ಇಲ್ಲೇ ಓದಿದವಳು, ಮಾತಿಗೆ ಮುಂಚೆ ಉಸಿರು ಎಳೆದುಕೊಳ್ಳುವ ಅಭ್ಯಾಸ. ಅವನು ಭಾಸ್ಕರಣ್ಣನನ್ನು ಕೇಳಿದ. ಭಾಸ್ಕರಣ್ಣ ಯಾರದೋ ಮನೆಯ ಬಾರ್ಬೆಕ್ಯೂನಲ್ಲಿದ್ದರು. ಬ್ಯಾಕಪ್ ಗಿಕಪ್ ಬೇಡ, ಬೆಳಿಗ್ಗೆ ಹೊಸ ಸಿಸ್ಟಮ್ ಆನ್ ಆಗಬೇಕು, ನಾನು ಮಾತು ಕೊಟ್ಟಾಗಿದೆ, ಎಂದರು. ಅವನು ಹಾಗೇ ಅವಳಿಗೆ ದಾಟಿಸಿದ. "ಸರ್, ಇದನ್ನೇ ಒಂದು ಮೇಲ್ ಹಾಕಿಬಿಡ್ತೀರಾ" ಎಂದಳು. "ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ" ಎಂದುಬಿಟ್ಟ. ಅದು ಭಾಸ್ಕರಣ್ಣನ ಮಾತು. ದನಿಯೂ ಅವರದೇ, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು ಮುದ್ದು ಮಾಡಿದ ಹಾಗೆ. ನಿಹಾರಿಕಾ ಉಸಿರು ಎಳೆದುಕೊಂಡು, "ಹಾಗೇನಿಲ್ಲ ಸರ್" ಎಂದಳು. ನಂಬಿಕೆ ಇಲ್ಲ ಎಂದು ಹೇಳುವ ಸ್ವಾತಂತ್ರ್ಯ ಆ ಹುಡುಗಿಗೆ ಎಲ್ಲಿತ್ತು? ಫೋನ್ ಇಟ್ಟ ಮೇಲೆ ಅವನು ಮಾಡಿದ್ದೇನೆಂದರೆ, ಬಾರ್ಬೆಕ್ಯೂ ಬಳಿ ನಿಂತು ಸುಟ್ಟ ಕೋಳಿ ಕಚ್ಚುತ್ತ ರಾಜ್ಯಭಾರ ಮಾಡುವ ಅರಸನ ಬಗ್ಗೆ ಮನಸ್ಸಿನಲ್ಲೇ ಒಂದು ಚೆಂದದ ಸಾಲು ಕಟ್ಟಿದ್ದು. ಆ ಸಾಲು ಕಟ್ಟಿ ಸುಖವಾಗಿ ನಿದ್ದೆ ಮಾಡಿದ್ದು. ವಿಮಾನದ ಸೀಟಿನಲ್ಲಿ ಕೂತು ಅವನಿಗೆ ನಿಜವಾಗಿ ನಾಚಿಕೆಯಾದದ್ದು ಆ ನಿದ್ದೆಗೆ. ಒಳಗೆ ಬೈದುಕೊಂಡಿದ್ದರಿಂದಲೇ ಹೊರಗೆ ಬಾಗಲು ಸಲೀಸಾಗುತ್ತಿತ್ತು. ಕೀಲಿಗೆ ಎಣ್ಣೆ ಬಿಟ್ಟ ಹಾಗೆ ಈ ಗುಟ್ಟಿನ ಅಪಹಾಸ್ಯವೇ ಅವನನ್ನು ಇಷ್ಟು ವರ್ಷ ಸದ್ದಿಲ್ಲದೆ ನಡೆಸಿತ್ತು. ಭಾಸ್ಕರಣ್ಣನಿಗೆ ಅದು ಗೊತ್ತಿದ್ದರೆ ಸಂಬಳದಲ್ಲಿ ಅದಕ್ಕೂ ಒಂದಿಷ್ಟು ಸೇರಿಸುತ್ತಿದ್ದರೇನೋ.

"ಎಂತ ಮಗ, ಹೊಟ್ಟೆ ನೋವಾ" ಎಂದರು ಚೆನ್ನಕ್ಕ.

"ಇಲ್ಲ ಅಮ್ಮ."

"ಯಾವ ಹುಡುಗಿ ಅದು? ಕಾರಿನಲ್ಲಿ ಹೇಳ್ತಿದ್ದ."

"ನಮ್ಮ ಆಫೀಸಿನವಳು."

"ತಪ್ಪು ಮಾಡಿದ್ದಾಳಾ?"

ಸುಕೇಶ ಕಿಟಕಿಯ ಕಡೆ ನೋಡಿದ. ಇಲ್ಲ ಎಂಬ ಎರಡಕ್ಷರ ಈ ಮುದುಕಿಯ ಮುಂದೆಯೂ ಹೊರಡಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಚೆನ್ನಕ್ಕ ಉತ್ತರಕ್ಕೆ ಕಾಯದೆ ಜಾಕೆಟ್ಟಿನ ಜೇಬಿನಿಂದ ಬಿಸ್ಕತ್ತು ತೆಗೆದು ಅರ್ಧ ಮುರಿದು ಅವನ ಕೈಗಿಟ್ಟರು. ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಅದೊಂದೇ.

ಪೂಜೆಗೆಂದು ಹಿಡಿದ ಡ್ಯಾಂಡಿನಾಂಗಿನ ಬಾಡಿಗೆ ಹಾಲಿನಲ್ಲಿ ಹೋಮದ ಹೊಗೆಗೆ ಅಲಾರಂ ಹೊಡೆದುಕೊಳ್ಳಬಾರದೆಂದು ಕಿಟಕಿಗಳನ್ನೆಲ್ಲ ತೆರೆದಿದ್ದರು. ಮೆಲ್ಬರ್ನಿನ ಗಾಳಿ ನೇರ ಒಳಗೆ ನುಗ್ಗುತ್ತಿತ್ತು. ಪ್ಯಾಂಟಿನ ಮೇಲೆ ಪಂಚೆ ಸುತ್ತಿಕೊಂಡ ಎಂಜಿನಿಯರುಗಳು ನಡುಗುತ್ತ ಮಂತ್ರಪುಷ್ಪಕ್ಕೆ ಕೈ ಮುಗಿದು ನಿಂತಿದ್ದರು. ಅಡುಗೆಮನೆಯ ಪಕ್ಕದಲ್ಲಿ ನಿಹಾರಿಕಾ ಬಾಳೆಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಅಪರಾಧಿ ಎಂದು ತೀರ್ಮಾನವಾದವಳಿಂದ ಎಲೆ ಒರೆಸಿಸುವುದು ಭಾಸ್ಕರಣ್ಣನ ದರ್ಬಾರಿನಲ್ಲಿ ಮಾತ್ರ ಸಾಧ್ಯ. ಸುಕೇಶನನ್ನು ನೋಡಿ ಅವಳು ಎದ್ದು ನಿಂತಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಸರ್, ಇವತ್ತು ಜೀವನ್ ಸರ್ ಹತ್ರ ಮಾತಾಡ್ತೀರಾ? ನಂಗೆ ಯಾರೂ ಏನೂ ಹೇಳ್ತಿಲ್ಲ. ಆಫೀಸಲ್ಲಿ ಎಲ್ಲ ನನ್ನ ನೋಡಿದ್ರೆ ಫೋನ್ ತೆಗೀತಾರೆ."

"ನೋಡುವ."

"ನೋಡುವ ಅಂದ್ರೆ ಮಾತಾಡ್ತೀರಾ, ಇಲ್ವಾ?"

ಈ ಪ್ರಶ್ನೆಗೆ ಅವನ ಬಾಯಿ ಅರ್ಧ ತೆರೆಯಿತು. ಆಗಲೇ ಒಳಗಿನಿಂದ ಊಟಕ್ಕೆ ಕರೆದರು, ಅವನಿಗೆ ಜೀವ ಬಂತು. ಕರೆದದ್ದಕ್ಕೆ ಜೀವ ಬಂತಲ್ಲ ಎಂದು ಹೊಳೆದಾಗ ಮತ್ತೆ ಹೋಯಿತು. ನಿಹಾರಿಕಾ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ, ಅವನನ್ನು ದಾಟಿ ಒಳಗೆ ಹೋದಳು.

ಭಾಸ್ಕರಣ್ಣನ ಊಟವೆಂದರೆ ಪಂಕ್ತಿಯೂಟವೇ. ಬಫೆ ಎಂದರೆ ಅವರಿಗೆ ಆಗದು, ಭಿಕ್ಷುಕರ ಹಾಗೆ ತಟ್ಟೆ ಹಿಡಿದು ನಿಲ್ಲುವುದು ನಮ್ಮ ಕ್ರಮವಲ್ಲ ಎನ್ನುತ್ತಾರೆ. ಮಡಿಸುವ ಮೇಜುಗಳನ್ನು ಸಾಲಾಗಿ ಜೋಡಿಸಿ ಎಲೆ ಹಾಕಿಸಿ, ಸಾಲಿನ ತಲೆಯಲ್ಲಿ ತಾವು ಕೂರುತ್ತಾರೆ. ಅವರು ಅನ್ನಕ್ಕೆ ಕೈ ಹಾಕುವವರೆಗೆ ಯಾರೂ ಹಾಕಬಾರದು, ಅವರು ಏಳುವವರೆಗೆ ಯಾರೂ ಏಳಬಾರದು. ಅವರದು ಬಿಸಿ ಅನ್ನ. ತುದಿಗೆ ಕೂತ ಹುಡುಗರಿಗೆ ಬಡಿಸಿದ ಅನ್ನ ಅವರ ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಮಂಜುಗಡ್ಡೆ. ಇನ್ನೊಂದು ಕ್ರಮವೂ ಇತ್ತು, ಅದನ್ನು ಹೊರಗಿನವರು ಅರಿಯರು. ಕಂಪನಿಯ ನ್ಯಾಯತೀರ್ಮಾನಗಳೆಲ್ಲ ನಡೆಯುವುದು ಈ ಪಂಕ್ತಿಯಲ್ಲೇ, ಪಾಯಸ ಬರುವ ಹೊತ್ತಿಗೆ. ಯಾರ ಬಾಯಿಯಲ್ಲಿ ತುತ್ತು ಇದೆಯೋ ಅವರನ್ನು ನೋಡಿಯೇ ಪ್ರಶ್ನೆ ಎಸೆಯುತ್ತಾರೆ, ಪ್ರಶ್ನೆಯ ಕೊನೆಗೆ ಒಂದು "ಅಲ್ವಾ" ಇರುತ್ತದೆ. ಬಾಯಿ ತುಂಬಿದವನು ತಲೆಯಾಡಿಸುತ್ತಾನೆ. ತಲೆಯಾಡಿಸಿದರೆ ಮುಗಿಯಿತು, ಅದೇ ಸಾಕ್ಷಿ. ಮೂರು ಜನ ಹೀಗೆ ಕೆಲಸ ಕಳೆದುಕೊಂಡು, ಹೋಳಿಗೆ ಚೆನ್ನಾಗಿತ್ತು ಎಂದು ಹೇಳಿ ಹೋದದ್ದನ್ನು ಸುಕೇಶ ಕಂಡಿದ್ದ, ಕಂಡು ಒಳಗೇ ವರ್ಣಿಸಿಕೊಂಡಿದ್ದ.

ಈ ದಿನ ಭಾಸ್ಕರಣ್ಣನ ಬಲಕ್ಕೆ ಜೀವನ್, ಎಡಕ್ಕೆ ಚೆನ್ನಕ್ಕ, ಚೆನ್ನಕ್ಕನ ಪಕ್ಕದಲ್ಲಿ ಸುಕೇಶ. ಎದುರು ಸಾಲಿನಲ್ಲಿ, ಎಲ್ಲರಿಗೂ ಕಾಣುವ ಜಾಗದಲ್ಲಿ, ನಿಹಾರಿಕಾ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಹೋಳಿಗೆ, ಅನ್ನ, ತೊವ್ವೆ ಒಂದೊಂದಾಗಿ ಬಂದವು. ಭಾಸ್ಕರಣ್ಣ ಮಾತಾಡಿದರು, ತಾವು ಈ ದೇಶಕ್ಕೆ ಬಂದಾಗ ಕೈಯಲ್ಲಿ ಒಂದು ಸೂಟ್‌ಕೇಸು ಮಾತ್ರ ಇತ್ತು ಎಂದರು. ಆ ಭಾಷಣ ಬರೆದುಕೊಟ್ಟವನು ಸುಕೇಶ; ಸೂಟ್‌ಕೇಸಿನ ಹಿಡಿ ಮುರಿದಿತ್ತು ಎಂಬ ವಿವರ ಅವನ ಸ್ವಂತ ಕಲ್ಪನೆ. ಹೇಳಿ ಹೇಳಿ ಈಗ ಭಾಸ್ಕರಣ್ಣನಿಗೂ ಅದು ಮುರಿದಿದ್ದ ನೆನಪಿತ್ತು. ಜನ ಚಪ್ಪಾಳೆ ತಟ್ಟಿದರು. ತೊವ್ವೆಯ ಮೇಲೆ ತುಪ್ಪ ಹೆಪ್ಪುಗಟ್ಟಿತ್ತು. ಸುಕೇಶ ಉಂಡ. ಹಸಿವೆಗೆ ನಾಚಿಕೆಯಿಲ್ಲ, ಕೈ ತನ್ನಷ್ಟಕ್ಕೆ ಕಲಸುತ್ತಿತ್ತು, ಬಾಯಿ ಅಗಿಯುತ್ತಿತ್ತು, ಎದುರಿನ ಎಲೆಯಲ್ಲಿ ಆ ಹುಡುಗಿಯ ಬೆರಳುಗಳು ಅದೇ ಒಂದು ತುತ್ತನ್ನು ಉರುಟು ಮಾಡುತ್ತ ಎತ್ತದೆ ಇರುವುದು ಕಾಣುತ್ತಿತ್ತು. ಅವಳಿಗೆ ಗೊತ್ತಾಗಿದೆ. ಎಲ್ಲರಿಗೂ ಗೊತ್ತಾಗಿದೆ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು? ಏನೂ ಅನ್ನುತ್ತಿರಲಿಲ್ಲ, ಅವರೂ ಒಂದು ಸೊಸೈಟಿಯಲ್ಲಿ ಸೆಕ್ರೆಟರಿಯ ಚೀಲ ಹಿಡಿದು ಆಯುಸ್ಸು ಕಳೆದವರು. ಯಾರ ನೆರವೂ ಇಲ್ಲ, ಇಂದಿರಮ್ಮನವರದೂ ಇಲ್ಲ, ಆ ಪಂಡಿತರದೂ ಇಲ್ಲ, ಅವರೆಲ್ಲ ಇದೇ ಪಂಕ್ತಿಯ ಹಿಂದಿನ ಸಾಲಿನವರು. ಪಾಯಸದ ಕೊಳದಪ್ಪಲೆ ಹೊರಗೆ ಬಂತು.

"ಸುಕೇಶ" ಎಂದರು ಭಾಸ್ಕರಣ್ಣ, ಪ್ರೀತಿಯ ದನಿ. "ಜೀವನ್‌ಗೆ ಒಂದು ಸಣ್ಣ ಸಂಶಯ ಉಂಟು, ನೀನೇ ಹೇಳಿಬಿಡು. ಬ್ಯಾಕಪ್ ತೆಗೆದೇ ಆನ್ ಮಾಡ್ಬೇಕು ಅಂತ ನೀನು ಈ ಹುಡುಗಿಗೆ ಹೇಳಿದ್ದಿ, ಅಲ್ವಾ?"

ಸುಕೇಶನ ಬಾಯಲ್ಲಿ ತುತ್ತಿತ್ತು. ಅವನು ಅದನ್ನು ನುಂಗಿದ. ನೀರು ಕುಡಿದ. ಸಾಲು ಕಾಯುತ್ತಿತ್ತು.

"ಇಲ್ಲ" ಎಂದ. "ಬ್ಯಾಕಪ್ ಬೇಡ ಅಂತ ಹೇಳಿದ್ದು ನೀವು. ಅದನ್ನು ಫೋನಿನಲ್ಲಿ ಅವಳಿಗೆ ಹೇಳಿದ್ದು ನಾನು. ಅವಳು ಒಂದು ರಾತ್ರಿ ಟೈಮ್ ಕೇಳಿದ್ಲು. ನಾವು ಕೊಡ್ಲಿಲ್ಲ."

ಪಾಯಸದ ಸೌಟು ಅರ್ಧದಲ್ಲಿ ನಿಂತಿತು. ಭಾಸ್ಕರಣ್ಣ ಒಂದು ಗಳಿಗೆ ಅವನನ್ನೇ ನೋಡಿದರು, ಆಮೇಲೆ ತಲೆ ಹಿಂದಕ್ಕೆ ಹಾಕಿ ನಕ್ಕರು. "ನೋಡಿದಿರಾ ಜೀವನ್? ಇವನ ಜೋಕು ಹೀಗೆಯೇ. ಮುಖ ಗಂಟು ಹಾಕಿಕೊಂಡು ಹೇಳ್ತಾನೆ, ಕೇಳಿದವರು ಹೆದರಬೇಕು. ನಮ್ಮ ಆಫೀಸಿನ ಹಾಸ್ಯಗಾರ ಇವನು." ಎಡದಿಂದ ಒಬ್ಬ ನಕ್ಕ, ಬಲದಿಂದ ಇಬ್ಬರು, ಆಮೇಲೆ ಇಡೀ ಸಾಲು ಕಿಸಕ್ಕೆಂದಿತು. ಯಾವ ಗಳಿಗೆಯಲ್ಲಿ ಶುರುಮಾಡಬೇಕು ಎಂಬುದನ್ನು ಅವರೆಲ್ಲ ಸುಕೇಶನಿಂದಲೇ ಕಲಿತವರು. ಜೀವನ್ ಕೂಡ, ಏನೂ ತಿಳಿಯದೆ, "ಓ, ಜೋಕಾ ಸಾರ್" ಎಂದು ನಗುಮುಖ ಮಾಡಿದ. ಎಲ್ಲಕ್ಕಿಂತ ಘೋರವಾದದ್ದು ಆಮೇಲೆ ಆಯಿತು: ಸುಕೇಶನ ತುಟಿಗಳು ತಾವಾಗಿ ಅಗಲವಾದವು. ಗಂಟಲಿನ ತಳದಿಂದ ಆ ನಗು, ಏಳು ವರ್ಷದ ಆ ಹಳೆಯ ಊಳಿಗದ ನಗು, ಮೇಲಕ್ಕೆ ಏರತೊಡಗಿತು. ಇನ್ನೊಂದು ಉಸಿರು ಕಳೆದರೆ ಅದು ಹೊರಗೆ ಬೀಳುತ್ತದೆ, ಬಿದ್ದರೆ ಹೇಳಿದ್ದೆಲ್ಲ ಜೋಕೇ ಆಗುತ್ತದೆ, ಎದುರಿಗೆ ಕೂತವಳು ಊರಿಗೆ ಹೋಗುತ್ತಾಳೆ, ಇವನು ಸಂಜೆಯ ವಿಮಾನದಲ್ಲಿ ನಾಲಗೆಯ ಸಂಕಟದ ಬಗ್ಗೆ ಚೆಂದದ ಸಾಲು ಬರೆಯುತ್ತಾನೆ. ಮಾತನ್ನು ಈ ಜನ ಜೋಕು ಮಾಡಬಲ್ಲರು. ಯಾವ ಮಾತನ್ನಾದರೂ ಮಾಡಬಲ್ಲರು. ಜೋಕು ಮಾಡಲಾಗದ್ದು ಏನಿದೆ ಎಂದು ಅವನು ಹುಡುಕಲೂ ಇಲ್ಲ, ಕಾಲುಗಳಿಗೆ ಮೊದಲೇ ಗೊತ್ತಿದ್ದಂತಿತ್ತು. ಕುರ್ಚಿ ಹಿಂದಕ್ಕೆ ಸರಿಯಿತು. ಅವನು ಎದ್ದು ನಿಂತ.

ಎಲೆಯ ಮೇಲೆ ಅರ್ಧ ಅನ್ನ ಹಾಗೇ ಇತ್ತು, ಪಾಯಸ ಇನ್ನೂ ಬಿದ್ದಿರಲಿಲ್ಲ. ಪಂಕ್ತಿಯ ನಡುವೆ ಎದ್ದರೆ ಏನೆಂದು ಆ ಹಾಲಿನಲ್ಲಿ ವಿವರಿಸಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಮದುವೆಮನೆಗಳಲ್ಲಿ ಹಾಗೆ ಎದ್ದದ್ದಕ್ಕೆ ತೊಡೆಗೆ ಚಿವುಟಿಸಿಕೊಂಡವರೇ ಎಲ್ಲರೂ. ದೊಡ್ಡವರು ಹಾಗೆ ಎದ್ದರೆ ಅದಕ್ಕೆ ಒಂದೇ ಅರ್ಥ: ಈ ಮನೆಯ ಅನ್ನ ನನಗೆ ಬೇಡ. ಒಬ್ಬನು ಎದ್ದರೆ ಪಂಕ್ತಿಯೇ ಕೆಡುತ್ತದೆ, ಉಳಿದವರೂ ಮುಂದೆ ಉಣ್ಣುವಂತಿಲ್ಲ. ನಗು ಅಲ್ಲಲ್ಲೇ ಕಡಿದುಹೋಯಿತು.

"ಕೂತ್ಕೊ ಮಾರಾಯ" ಎಂದರು ಭಾಸ್ಕರಣ್ಣ. ನಗು ಮುಖದ ಮೇಲಿತ್ತು, ದನಿಯಲ್ಲಿರಲಿಲ್ಲ. "ಊಟದ ನಡುವೆ ಎದ್ದು ತಮಾಷೆ ಮಾಡ್ಬಾರ್ದು."

"ತಮಾಷೆ ಅಲ್ಲ ಭಾಸ್ಕರಣ್ಣ" ಎಂದ ಸುಕೇಶ. "ಜೀವನ್, ಸೋಮವಾರ ನಿಮ್ಮ ಆಫೀಸಿಗೆ ಬಂದು ಇದನ್ನೇ ಹೇಳ್ತೇನೆ. ನಿಮ್ಮ ಬಾಸ್ ಮುಂದೆ, ಇಂಗ್ಲಿಷಿನಲ್ಲಿ. ಯಾವಾಗ ಬರ್ಲಿ?"

ಜೀವನ್ ಭಾಸ್ಕರಣ್ಣನನ್ನು ನೋಡಿದ, ಎಲೆಯನ್ನು ನೋಡಿದ. "ಹತ್ತು ಗಂಟೆಗೆ ಬನ್ನಿ ಸಾರ್" ಎಂದು ಮೆಲ್ಲಗೆ ಹೇಳಿ, ಕಚ್ಚಿದ್ದ ಹೋಳಿಗೆಯನ್ನು ಎಲೆಯ ಮೇಲೆ ಇಟ್ಟುಬಿಟ್ಟ.

ಚೆನ್ನಕ್ಕ ಎಲೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡರು. "ಅಮ್ಮ, ನೀವು ಊಟ ಮಾಡಿ" ಎಂದರು ಭಾಸ್ಕರಣ್ಣ. "ಒಬ್ಬ ಎದ್ದ ಮೇಲೆ ಎಂತ ಊಟ" ಎಂದು ಚೆನ್ನಕ್ಕ ಮೇಜಿಗೆ ಕೈಯೂರಿ ಎದ್ದರು. ತಾಯಿ ಎದ್ದ ಮೇಲೆ ಮಗ ಕೂತಿರುವ ಹಾಗಿಲ್ಲ. ಕುರ್ಚಿಗಳ ಸದ್ದು ಸಾಲುದ್ದಕ್ಕೂ ಹರಿದುಹೋಯಿತು. ಪಾಯಸದವನು ದಪ್ಪಲೆ ಹಿಡಿದು ನಡುವೆ ನಿಂತಿದ್ದ.

ಕೈ ತೊಳೆಯಲು ಹಾಲಿನ ಹಿತ್ತಲಲ್ಲಿ ಒಂದೇ ನಲ್ಲಿ, ಗಿಡಗಳಿಗೆ ನೀರು ಬಿಡುವಂಥದು. ನೀರು ಉಳಿಸಿ ಎಂಬ ಬೋರ್ಡನ್ನು ಮೇಲೆ ತಗುಲಿಹಾಕಿದ್ದರು. ಸುಕೇಶ ಮೊದಲು ತಲುಪಿದ. ಹಿಂದೆ ಬಂದ ಹೆಜ್ಜೆ ಯಾರದೆಂದು ತಿರುಗಿ ನೋಡದೆಯೇ ಗೊತ್ತಾಯಿತು, ಬೆನ್ನು ಪಕ್ಕಕ್ಕೆ ಸರಿಯಲು ಹೊರಟಿತು, ಅವನು ಅದನ್ನು ನಿಲ್ಲಿಸಿ ನಲ್ಲಿ ತಿರುಗಿಸಿದ. ನೀರು ಕೊರೆಯುವಷ್ಟು ತಣ್ಣಗಿತ್ತು. ಒಂದು ಬೆರಳು ತೊಳೆದು ಇನ್ನೊಂದಕ್ಕೆ ಹೋದ, ಉಗುರಿನ ಸಂದಿಯ ಅರಿಸಿನ ತಿಕ್ಕಿದ. ಹಿಂದೆ ಭಾಸ್ಕರಣ್ಣ ಒಣಗುತ್ತಿದ್ದ ಎಂಜಲು ಕೈಯನ್ನು ಶಾಲಿಗೆ ತಾಗದಂತೆ ದೂರ ಹಿಡಿದು ನಿಂತಿದ್ದರು; ಅವರ ಹಿಂದೆ ನಿಹಾರಿಕಾ, ಅವಳ ಹಿಂದೆ ಉಳಿದವರು.

"ಸುಕೇಶ" ಎಂದರು ಭಾಸ್ಕರಣ್ಣ ತುಳುವಿನಲ್ಲಿ, ತಗ್ಗಿದ ದನಿಯಲ್ಲಿ. "ಇನ್ನೂ ಹೊತ್ತು ಮೀರಿಲ್ಲ. ಹುಷಾರಿರ್ಲಿಲ್ಲ, ಬೆಳಗ್ಗಿನಿಂದ ಉಪವಾಸ, ತಲೆ ತಿರುಗಿ ಏನೋ ಹೇಳಿದೆ ಅಂತ ಹೇಳು. ಜೀವನ್‌ಗೆ ನಾನು ಹೇಳ್ತೇನೆ. ಒಳಗೆ ಹೋಗಿ ಒಟ್ಟಿಗೆ ಪಾಯಸ ಕುಡಿಯುವ. ನಿನ್ನನ್ನು ನಾನು ತಮ್ಮನ ಹಾಗೆ ನೋಡಿದ್ದೇನೆ."

ಅದು ಸುಳ್ಳಲ್ಲವೆಂಬುದು ಸುಕೇಶನಿಗೆ ಗೊತ್ತಿತ್ತು. ಆ ಪ್ರೀತಿಯೇ ಅವನ ಗಂಟಲನ್ನು ಇಷ್ಟು ವರ್ಷ ಹಿಡಿದದ್ದು. ಸಿಡ್ನಿಯ ಮನೆ, ಅದರ ಕಂತು, ಏಣಿ ಹತ್ತಿ ಒರೆಸಿದರೂ ಕಲೆ ಉಳಿದ ಸೀಲಿಂಗು ಎಲ್ಲ ಕಣ್ಣ ಮುಂದೆ ಬಂದು ನಿಂತವು. ಹೆದರಿಕೆ ಆಯಿತು, ಚೆನ್ನಾಗಿಯೇ ಆಯಿತು.

"ಇಲ್ಲ ಭಾಸ್ಕರಣ್ಣ" ಎಂದ. "ಸೋಮವಾರದವರೆಗೆ ನಾನು ಇಲ್ಲೇ ಇರ್ತೇನೆ. ಅಮ್ಮನನ್ನು ನೀವು ಕರ್ಕೊಂಡು ಹೋಗಿ. ಹೊಸ ಜಾಗ, ವಿಮಾನದಲ್ಲಿ ಪಕ್ಕದಲ್ಲೇ ಕೂತ್ಕೊಳ್ಳಿ."

"ಊಟದಲ್ಲಿ ಹೇಳಿದ್ದನ್ನ ಆವತ್ತೇ ಹೇಳಿದ್ರೆ ನಾನು ಒಂದು ತಿಂಗಳಿಂದ ನಿದ್ದೆಗೆಡ್ತಿರ್ಲಿಲ್ಲ ಸರ್" ಎಂದಳು ನಿಹಾರಿಕಾ, ಭಾಸ್ಕರಣ್ಣನ ಹೆಗಲಾಚೆಯಿಂದ. ಅವಳ ದನಿಯಲ್ಲಿ ಕೃತಜ್ಞತೆ ಇರಲಿಲ್ಲ, ಸಿಟ್ಟಿತ್ತು.

"ಹೌದು" ಎಂದ ಸುಕೇಶ. ನಗಲಿಲ್ಲ.

ಅವನು ಕೈ ಝಾಡಿಸಿದ. ಭಾಸ್ಕರಣ್ಣ ತಮ್ಮ ಸರದಿ ಬಂತೆಂದು ಒಂದು ಹೆಜ್ಜೆ ಮುಂದಿಟ್ಟರು. ಸುಕೇಶ ನಲ್ಲಿಯ ಮೇಲಿನ ಕೈ ತೆಗೆಯಲಿಲ್ಲ.

"ನಿಹಾರಿಕಾ, ಬಾ, ನೀನು ತೊಳ್ಕೊ" ಎಂದ.

ನಿಹಾರಿಕಾ ಒಮ್ಮೆ ಉಸಿರು ಎಳೆದುಕೊಂಡಳು. ಆಮೇಲೆ ಭಾಸ್ಕರಣ್ಣನ ಪಕ್ಕದಿಂದ, ಶಾಲು ತಾಗುವಷ್ಟು ಹತ್ತಿರದಿಂದ ದಾಟಿ ಮುಂದೆ ಬಂದು, ನಲ್ಲಿಗೆ ಕೈಯೊಡ್ಡಿದಳು.